ಕಾಲೇಜಿಗೆ ಹೋಗುವ ಮಕ್ಕಳ ತಂದೆತಾಯಿಗಳಿಗೆ

ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಬಂದ ಕೂಡಲೆ ನಮ್ಮ ಹಳ್ಳಿಗಳಲ್ಲಿ ಏಜಂಟನೆಂಬವನು ಕಾಣಿಸಿಕೊಳ್ಳುತ್ತಾನೆ. ಅವನ ಕೈಯಲ್ಲಿ ಬಣ್ಣದ ಕಾಗದಗಳು. ಅವುಗಳಲ್ಲಿ ದೊಡ್ಡ ಕಟ್ಟಡದ ಚಿತ್ರ, ಬಿಳೇ ಉಡುಪಿನ ಹುಡುಗಿಯರ ಚಿತ್ರ. "ಎರಡೇ ಸೀಟು ಉಳಿದಿವೆ, ನಾಳೆಯೊಳಗೆ ಮುಂಗಡ ಕಟ್ಟಿರಿ, ಅಂಕಪಟ್ಟಿಯನ್ನು ನನ್ನ ಕೈಯಲ್ಲಿ ಕೊಡಿರಿ" ಎಂದು ಅವಸರಪಡಿಸುತ್ತಾನೆ. ಅವನು ಕಾಲೇಜಿನ ಅಧ್ಯಾಪಕನಲ್ಲ, ಗುಮಾಸ್ತನೂ ಅಲ್ಲ. ತಲೆಗೆ ಇಷ್ಟು ಎಂದು ಹಣ ಪಡೆಯುವ ದಲ್ಲಾಳಿ. ಎತ್ತು ಕೊಳ್ಳುವಾಗ ಹಲ್ಲು ನೋಡಿ, ಸುಳಿ ನೋಡಿ, ನೊಗಕ್ಕೆ ಕಟ್ಟಿ ನಡಿಸಿ ನೋಡುವ ನಾವು, ಮಗಳ ಮೂರು ನಾಲ್ಕು ವರುಷಗಳನ್ನೂ ಹೊಲದ ಮೇಲೆ ಎತ್ತಿದ ಸಾಲವನ್ನೂ ಒಂದು ಚಿತ್ರವನ್ನು ನಂಬಿ ಒಪ್ಪಿಸಿಬಿಡುವದು ಯಾವ ವಿವೇಕ?

ಮೊದಲು ಕೇಳತಕ್ಕದ್ದು, ಪದವಿಯನ್ನು ಕೊಡುವವರು ಯಾರು ಎಂಬದೇ. ಕಾಲೇಜು ಪಾಠ ಹೇಳುವದು; ಪದವಿಯನ್ನು ಕೊಡುವದು ಅದು ಸೇರಿರುವ ವಿಶ್ವವಿದ್ಯಾಲಯ. 1956ರ ವಿಶ್ವವಿದ್ಯಾಲಯ ಅನುದಾನ ಆಯೋಗದ ಕಾಯಿದೆಯ ಪ್ರಕಾರ, ಕೇಂದ್ರದ ಇಲ್ಲವೆ ರಾಜ್ಯದ ಶಾಸನದಿಂದ ಸ್ಥಾಪಿತವಾದ ವಿಶ್ವವಿದ್ಯಾಲಯಗಳಿಗೂ, ಆ ಸ್ಥಾನವನ್ನು ಸರಕಾರದಿಂದ ಪಡೆದ ಸಂಸ್ಥೆಗಳಿಗೂ, ಪಾರ್ಲಿಮೆಂಟು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳಿಗೂ ಹೊರತು ಬೇರೆಯವರಿಗೆ ಪದವಿ ಕೊಡುವ ಹಕ್ಕಿಲ್ಲ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಆ ಆಯೋಗವೇ ಪ್ರಕಟಿಸುತ್ತದೆ. ಮೊಬೈಲು ಬಲ್ಲ ಯಾವ ಹುಡುಗನಾದರೂ ಅದನ್ನು ಒಂದು ಗಳಿಗೆಯಲ್ಲಿ ತೆಗೆದು ತೋರಿಸಬಲ್ಲನು.

ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ನರ್ಸಿಂಗ್ ಕಲಿಯಲು ಆಶಿಸುವದರಿಂದ ಆ ವಿಷಯವಾಗಿ ಸ್ವಲ್ಪ ಹೆಚ್ಚಾಗಿ ಹೇಳುವೆವು. ಜಿ.ಎನ್.ಎಂ. ಎಂಬದು ಮೂರು ವರುಷದ ಡಿಪ್ಲೊಮಾ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರುಷದ ಪದವಿ. ಏಜಂಟನು ಎರಡನ್ನೂ "ನರ್ಸಿಂಗ್" ಎಂಬ ಒಂದೇ ಮಾತಿನಲ್ಲಿ ಮುಚ್ಚಿಬಿಡುತ್ತಾನೆ. ಯಾವುದಕ್ಕೆ ಹಣ ಕಟ್ಟುತ್ತೀರೆಂದು ಬರಹದಲ್ಲಿ ಕೇಳಿರಿ. ಕಲಿತು ಮುಗಿಸಿದವಳ ಹೆಸರು ನರ್ಸಿಂಗ್ ಕೌನ್ಸಿಲಿನಲ್ಲಿ ದಾಖಲಾಗಬೇಕು. ಕಾಲೇಜಿಗೆ ಕೌನ್ಸಿಲಿನ ಮನ್ನಣೆ ಇಲ್ಲದಿದ್ದರೆ ಅದು ಆಗದು. ವರುಷಗಳೂ ಹಣವೂ ಹೋದವು. ಇದಲ್ಲದೆ, ರೋಗಿಗಳು ನಿಜವಾಗಿ ಬರುವ ಆಸ್ಪತ್ರೆಯೊಂದು ಆ ಕಾಲೇಜಿನ ಸಂಗಡ ಉಂಟೋ ನೋಡಿರಿ. ಗೊಂಬೆಯ ಮೇಲೆ ಮಾತ್ರ ಅಭ್ಯಾಸ ಮಾಡಿದವಳಿಗೆ ಬಳಲಿದ ಮುದುಕಿಯ ತೋಳಿನಲ್ಲಿ ರಕ್ತನಾಳ ಹುಡುಕುವದು ಹೇಗೆ ಬಂದೀತು?

ಆದಕಾರಣ ಹಣ ಕಟ್ಟುವದಕ್ಕೆ ಮುಂಚೆ ಮಗಳನ್ನೋ ಮಗನನ್ನೋ ಕರಕೊಂಡು ಹೋಗಿ ಕಾಲೇಜನ್ನು ಕಣ್ಣಾರೆ ನೋಡಿರಿ. ಆಫೀಸಿನಲ್ಲಿ ಕೂತು ಕಾಪಿ ಕುಡಿದು ಬಂದರೆ ಸಾಲದು. ಹೊರಗೆ ಮರದ ಕೆಳಗೆ ನಿಂತಿರುವ ಎರಡನೇ ವರುಷದ ವಿದ್ಯಾರ್ಥಿಗಳನ್ನು ಕೇಳಿರಿ: ಕಳೆದ ವಾರ ಪಾಠಗಳು ನಡೆದವೋ? ಅಧ್ಯಾಪಕರು ವರುಷದ ನಡುವೆ ಬಿಟ್ಟುಹೋಗುತ್ತಾರೋ? ಗ್ರಂಥಾಲಯದ ಬಾಗಿಲು ಸಾಯಂಕಾಲ ತೆರೆದಿರುತ್ತದೋ? ಹಾಸ್ಟೆಲಿನಲ್ಲಿ ನೀರುಂಟೋ? ಹುಡುಗಿಯರನ್ನು ತಾಯಿಯೇ ವಿಚಾರಿಸಲಿ, ಅವರು ಗಂಡಸರ ಮುಂದೆ ಎಲ್ಲವನ್ನೂ ಹೇಳುವದಿಲ್ಲ.

ತಾಲೂಕಿನ ಸರಕಾರಿ ಪ್ರಥಮದರ್ಜೆ ಕಾಲೇಜನ್ನು ಅನೇಕರು ಹಗುರವಾಗಿ ಕಾಣುತ್ತಾರೆ. ಅಲ್ಲಿ ಖಾಯಂ ಅಧ್ಯಾಪಕರ ಸಂಗಡ ಅತಿಥಿ ಉಪನ್ಯಾಸಕರೂ ಪಾಠ ಮಾಡುತ್ತಾರೆಂಬದು ನಿಜವೇ; ನಿಮಗೆ ಬೇಕಾದ ವಿಷಯಕ್ಕೆ ಯಾರಿದ್ದಾರೆಂದು ಕೇಳಿ ತಿಳುಕೊಳ್ಳಬೇಕು. ಆದಾಗ್ಯೂ ಶುಲ್ಕ ಕಡಿಮೆ, ಮಗಳು ಮನೆಯಿಂದಲೇ ಹೋಗಿಬರಬಹುದು, 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಂದಿನಿಂದ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿನ ಖರ್ಚೂ ಇಲ್ಲ. ಸಾಲ ಮಾಡಿ ದೂರದ ಊರಿನಲ್ಲಿ ಸೇರಿಸಿ, ಎರಡನೇ ವರುಷದ ಶುಲ್ಕ ಹುಟ್ಟದೆ ಬಿಡಿಸಿಕೊಂಡು ಬರುವದಕ್ಕಿಂತ, ಹತ್ತಿರದಲ್ಲಿ ಓದಿಸಿ ಮುಗಿಸುವದು ನಮ್ಮ ಅಭಿಪ್ರಾಯದಲ್ಲಿ ಎಷ್ಟೋ ಮೇಲು.

ಕಾಗದಪತ್ರಗಳ ವಿಷಯದಲ್ಲಿ ಉದಾಸೀನ ಕೂಡದು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿಯೂ, ಸಾಮಾನ್ಯವಾಗಿ ಇತರ ಕ್ರೈಸ್ತರು 3ಬಿಯಲ್ಲಿಯೂ ಇದ್ದಾರೆ. ಇದನ್ನು ಅರಿಯದೆ ಏನನ್ನೋ ಬರೆದು ಹಕ್ಕನ್ನು ಕಳಕೊಂಡವರುಂಟು. ಸಲ್ಲದ ಪತ್ರವನ್ನು ತೋರಿಸಿ ಸೀಟು ಪಡೆದು, ಕೆಲಸ ಸಿಕ್ಕುವ ಹೊತ್ತಿನಲ್ಲಿ ಪರಿಶೀಲನೆಗೆ ಅಂಜುವವರೂ ಉಂಟು. ಇಂಜಿನಿಯರಿಂಗ್ ಮುಂತಾದ ಸಿ.ಇ.ಟಿ. ಸೀಟುಗಳಲ್ಲಿ, ಒಂದರಿಂದ ಹತ್ತನೇ ತರಗತಿಯ ವರೆಗೆ ಹಳ್ಳಿಯಲ್ಲಿ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5 ಮೀಸಲಾಗಿವೆ. ಇದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರವನ್ನು ಹಳೇ ಶಾಲೆಯ ಮುಖ್ಯೋಪಾಧ್ಯಾಯರಿಂದ ಬರೆಯಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಯವರ ಮೇಲುರುಜು ಮಾಡಿಸಿಕೊಳ್ಳಿರಿ. ಮೂಲ ಅಂಕಪಟ್ಟಿಯನ್ನು ಯಾರ ಕೈಯಲ್ಲಿಯೂ ಬಿಟ್ಟುಬರಬೇಡಿರಿ. ಕಾಲೇಜುಗಳು ಮೂಲಪತ್ರಗಳನ್ನು ಹಿಡಿದಿಟ್ಟುಕೊಳ್ಳಕೂಡದೆಂದು ಆಯೋಗವು 2018ರ ಅಕ್ಟೋಬರದಲ್ಲಿ ಪ್ರಕಟಿಸಿದೆ.

ಇನ್ನು ಸೇರಿದ ಮೇಲಿನ ಮಾತು. ಕನ್ನಡ ಶಾಲೆಯಿಂದ ಹೋದ ಮಕ್ಕಳಿಗೆ ಮೊದಲನೇ ಸೆಮಿಸ್ಟರೇ ಕಡಿದಾದ ಏರು. ಪಾಠ ಇಂಗ್ಲಿಷಿನಲ್ಲಿ ಹರಿದುಹೋಗುವದು. ಪಟ್ಟಣದ ಮಕ್ಕಳು ತಲೆಯಾಡಿಸುವರು. ನಮ್ಮವನು ಹಿಂದಿನ ಬೆಂಚಿನಲ್ಲಿ ಕೂತು ತಾನು ದಡ್ಡನೆಂದು ನೆನಸುವನು. ಅವನು ದಡ್ಡನಲ್ಲ, ಭಾಷೆ ಹೊಸದು. ಮುಂದಿನ ಬೆಂಚಿನಲ್ಲಿ ಕೂತುಕೊಳ್ಳಲಿ. ತಿಳಿಯದ ಶಬ್ದಗಳನ್ನು ಪುಸ್ತಕದ ಅಂಚಿನಲ್ಲಿ ಬರೆದು ಅದೇ ರಾತ್ರಿ ಅರ್ಥ ಹುಡುಕಲಿ. ಅದೇ ಪಾಠವನ್ನು ಕನ್ನಡದಲ್ಲಿ ತನ್ನ ಸ್ನೇಹಿತನಿಗೆ ಹೇಳಿನೋಡಲಿ. ಹೇಳಲು ಬಾರದ್ದು ಇನ್ನೂ ತಿಳಿಯಲಿಲ್ಲವೆಂದು ಅವನಿಗೇ ಗೊತ್ತಾಗುವದು. ಪಾಠ ಮುಗಿದ ಮೇಲೆ ಅಧ್ಯಾಪಕರ ಬಳಿ ಹೋಗಿ ಕೇಳುವದಕ್ಕೆ ನಾಚಬಾರದು. ಕೇಳುವ ವಿದ್ಯಾರ್ಥಿಯ ಹೆಸರು ಅವರ ನೆನಪಿನಲ್ಲಿ ಉಳಿಯುತ್ತದೆ, ವಿದ್ಯಾರ್ಥಿವೇತನದ ಸುದ್ದಿಯನ್ನೂ ಕೆಲಸದ ಸುದ್ದಿಯನ್ನೂ ಅಂಥವನಿಗೇ ಮೊದಲು ಹೇಳುತ್ತಾರೆ. ಸರಕಾರದ ವಿದ್ಯಾರ್ಥಿವೇತನಕ್ಕೆ ಎಸ್.ಎಸ್.ಪಿ. ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಬ್ಯಾಂಕಿನ ಖಾತೆಗೆ ಆಧಾರ್ ಜೋಡಿಸದೆ ಎಷ್ಟೋ ಮಕ್ಕಳ ಹಣ ನಿಂತುಹೋಗುತ್ತದೆ.

ತಂದೆತಾಯಿಗಳಿಗೂ ಒಂದು ಪಾಠ ಉಂಟು. ಪರೀಕ್ಷೆಗೆ ಕೂತುಕೊಳ್ಳಲು ಸಾಮಾನ್ಯವಾಗಿ ನೂರಕ್ಕೆ 75 ಹಾಜರಿ ಬೇಕು. ಸುಗ್ಗಿಗೆ ಬಾ, ಅತ್ತೆಯ ಮಗಳ ಮದುವೆಗೆ ಬಾ, ಜಾತ್ರೆಗೆ ಬಂದ ನೆಂಟರನ್ನು ನೋಡಲು ಬಾ ಎಂದು ಫೋನು ಮಾಡಿ ಕರೆಯುವವರು ನಾವೇ. ಹಾಜರಿ ಸಾಲದೆ ಹೋದಾಗ ಕಾಲೇಜನ್ನು ಬೈಯುವವರೂ ನಾವೇ. ಕೊಯ್ಲೂ ಸೆಮಿಸ್ಟರಿನ ಪರೀಕ್ಷೆಯೂ ಒಂದೇ ಕಾಲಕ್ಕೆ ಬರುವದುಂಟು. ಆ ಹದಿನೈದು ದಿನಗಳಿಗೆ ಒಬ್ಬ ಕೂಲಿಯಾಳನ್ನು ಇಟ್ಟುಕೊಳ್ಳುವ ಖರ್ಚನ್ನು, ಶುಲ್ಕ ಪುಸ್ತಕಗಳ ಲೆಕ್ಕ ಹಾಕುವ ದಿನವೇ ಅದರಲ್ಲಿ ಸೇರಿಸಿ ಬರೆದಿಡಿರಿ.