ಕಲ್ಲು ನಿಲ್ಲಿಸುವ ಮುನ್ನ

1971ರ ಯುದ್ಧದಲ್ಲಿ ಮಡಿದ ನಮ್ಮೂರ ಸಿಪಾಯಿಗೆ ಸ್ಮಾರಕ ಮಾಡಬೇಕೆಂದು ಯುವಕ ಸಂಘದವರು ಸಭೆ ಸೇರಿದ್ದಿರಂತೆ. ಬಸ್ ಸ್ಟ್ಯಾಂಡಿನ ಸರ್ಕಲ್ಲಿನಲ್ಲಿ ಬಂದೂಕು ಹಿಡಿದ ಆಳೆತ್ತರದ ಪ್ರತಿಮೆ, ಸುತ್ತ ಕಬ್ಬಿಣದ ಗ್ರಿಲ್, ಉದ್ಘಾಟನೆಗೆ ಮಂತ್ರಿಗಳು ಎನ್ನುವವರೆಗೂ ಮಾತು ಹೋಗಿದೆಯಂತೆ. ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀರಿ, ಮಕ್ಕಳೇ. ಚಂದಾ ರಸೀದಿ ಪುಸ್ತಕ ಅಚ್ಚಾಗುವ ಮೊದಲು ಈ ಮುದುಕನ ನಾಲ್ಕು ಮಾತು ಕೇಳಿಸಿಕೊಳ್ಳಿ.

ಮೊದಲು ಆತನ ಮನೆಗೆ ಹೋಗಿ. ನಿಮ್ಮ ವಯಸ್ಸಿನವರಿಗೆ ಒಂದು ಸಂಗತಿ ಗೊತ್ತಿರಲಿಕ್ಕಿಲ್ಲ. 1999ರಲ್ಲಿ ಕಾರ್ಗಿಲ್ ನಡೆದಾಗ ತ್ರಿವರ್ಣ ಧ್ವಜ ಹೊದಿಸಿದ ಪೆಟ್ಟಿಗೆಗಳು ಊರೂರಿಗೆ ಬಂದದ್ದನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡಿತು. 1965ರಲ್ಲಿ, 1971ರಲ್ಲಿ ಹಾಗಿರಲಿಲ್ಲ. ಮಡಿದವರಿಗೆ ಸಾಮಾನ್ಯವಾಗಿ ರಣರಂಗದ ಆಸುಪಾಸಿನಲ್ಲೇ ಸಂಸ್ಕಾರ ಮುಗಿದುಹೋಗುತ್ತಿತ್ತು. ಊರಿಗೆ ಬರುತ್ತಿದ್ದದ್ದು ಒಂದು ತಂತಿ, ಆಮೇಲೆ ಆತನ ಸಾಮಾನು. ಮುಖ ನೋಡಲಿಲ್ಲ, ಹಿಡಿ ಮಣ್ಣು ಹಾಕಲಿಲ್ಲ, ಹೂವಿಡುವುದಕ್ಕೆ ಒಂದು ಜಾಗವೂ ಇಲ್ಲ. ನೀವು ನಿಲ್ಲಿಸುವ ಕಲ್ಲೇ ಆ ಮನೆಯವರಿಗೆ ಆ ಜಾಗವಾಗುತ್ತದೆ. ಅದು ಲಾರಿ ಹಾರ್ನುಗಳ ನಡುವೆ ಇರಬೇಕೋ, ಕೂತು ಕಣ್ಣೊರೆಸಿಕೊಳ್ಳಬಹುದಾದ ಮರದ ನೆರಳಿನಲ್ಲಿರಬೇಕೋ ಎಂಬುದನ್ನು ಅವರನ್ನು ಕೇಳದೆ ತೀರ್ಮಾನ ಮಾಡಬೇಡಿ.

ಆತನ ಹೆಂಡತಿ ತವರೂರಿನಲ್ಲಿದ್ದಾರೆ, ತಮ್ಮಂದಿರು ಇಲ್ಲೇ ಇದ್ದಾರೆ. ಎರಡು ಮನೆಗಳ ನಡುವೆ ಪಿಂಚಣಿಯ ಕಾಲದಿಂದ ಮಾತು ನಿಂತಿದೆ. ಇದು ಎಷ್ಟೋ ಸೈನಿಕರ ಮನೆಗಳ ಕಥೆ, ಯಾರು ಸರಿ ಯಾರು ತಪ್ಪು ಎನ್ನುವುದು ನಿಮ್ಮ ಕೆಲಸವಲ್ಲ. ಎರಡೂ ಕಡೆ ಹೋಗಿ, ಎರಡೂ ಕಡೆ ಒಪ್ಪಿಗೆ ಪಡೆಯಿರಿ. ಹತ್ತಿರವಿದ್ದಾರೆಂದು ತಮ್ಮಂದಿರನ್ನಷ್ಟೇ ಕೇಳಿ ಮುಂದುವರಿದರೆ ಆಕೆಗೆ ಎರಡನೆಯ ಸಲ ಅನ್ಯಾಯ ಮಾಡಿದಂತೆ.

ಆಮೇಲೆ ಕಲ್ಲಿನ ಮೇಲಿನ ಬರಹ. ಇಲ್ಲಿ ನಿಮ್ಮ ಉತ್ಸಾಹಕ್ಕೆ ಸ್ವಲ್ಪ ಲಗಾಮು ಬೇಕು. ಆತ ಏಳು ಜನ ಶತ್ರುಗಳನ್ನು ಕೊಂದನಂತೆ, ಟ್ಯಾಂಕಿನ ಕೆಳಗೆ ನುಗ್ಗಿದನಂತೆ ಎಂದು ಊರಲ್ಲಿ ಹೇಳುತ್ತಾರೆ. ಹೇಳಲಿ, ಜಗಲಿಯ ಮಾತಿಗೆ ಅದು ಚೆನ್ನ. ಕೆತ್ತುವುದಕ್ಕೆ ಮಾತ್ರ ದಾಖಲೆ ಬೇಕು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ವಿಷಯ ಗೊತ್ತಲ್ಲ? ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟ ಮಿಸ್ಟೇರ್ ವಿಮಾನಗಳ ತಂಡಕ್ಕೆ ಅವರು ಬದಲಿ ಪೈಲಟ್ ಆಗಿದ್ದವರು. ಯಾರಿಗಾದರೂ ಅಡಚಣೆಯಾದರೆ ಮಾತ್ರ ಹೋಗಬೇಕಾದವರು, ಹೋದರು, ಮರಳಲಿಲ್ಲ. ನಮ್ಮ ವಾಯುಪಡೆಯ ಕಡತದಲ್ಲಿ ಅವರು ಕಾಣೆಯಾದವರ ಪಟ್ಟಿ ಸೇರಿದರು, ಆಮೇಲೆ ಸತ್ತಿರಬೇಕೆಂದು ಬರೆದುಕೊಂಡರು. ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡಿದ್ದರು.

ನಡೆದದ್ದು ಬೇರೆ. ತಮ್ಮದಕ್ಕಿಂತ ಎಷ್ಟೋ ವೇಗದ ಎಫ್‌-104 ಸ್ಟಾರ್‌ಫೈಟರ್ ಬೆನ್ನು ಹತ್ತಿ ಹೊಡೆದಾಗ ದೇವಯ್ಯನವರು ಆ ಪೆಟ್ಟು ತಿಂದ ಮಿಸ್ಟೇರನ್ನೇ ತಿರುಗಿಸಿ ಸ್ಟಾರ್‌ಫೈಟರನ್ನು ಹೊಡೆದುರುಳಿಸಿದ್ದರು. ಆ ಪಾಕಿಸ್ತಾನಿ ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡ. ದೇವಯ್ಯನವರು ಅಲ್ಲೇ ಬಿದ್ದರು; ಆ ಕಡೆಯ ರೈತರೇ ಅವರನ್ನು ಮಣ್ಣು ಮಾಡಿದರು. ಇದನ್ನು ನಮ್ಮವರು ಯಾರೂ ನೋಡಿರಲಿಲ್ಲ. 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ ಪಾಕಿಸ್ತಾನದ ಕಡೆಯಿಂದ ಆ ವಾಯುಯುದ್ಧದ ಪುಸ್ತಕ ಬರೆದಾಗ ಸುಳಿವು ಸಿಕ್ಕಿತು. ವಾಯುಪಡೆಯ ಅಧಿಕಾರಿಯೊಬ್ಬರು ಹಟ ಹಿಡಿದು ಕಡತಗಳನ್ನು ಕೂಡಿಸಿದರು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಇಪ್ಪತ್ಮೂರು ವರ್ಷದ ಮೇಲೆ. ಅದನ್ನು ಸ್ವೀಕರಿಸಿದವರು ಅವರ ಪತ್ನಿ. 1966ರಲ್ಲೇ ಯಾರಾದರೂ ಅವಸರದಿಂದ ಕಲ್ಲು ನಿಲ್ಲಿಸಿ ಬಾಯಿಗೆ ಬಂದ ಸಾಹಸ ಕೆತ್ತಿಸಿದ್ದರೆ ಏನಾಗುತ್ತಿತ್ತು, ನೀವೇ ಯೋಚಿಸಿ. ನಿಜವಾದ ಸಾಹಸ ಹೊರಬಂದಾಗ ಅದರ ಎದುರು ಸುಳ್ಳೊಂದು ಕಲ್ಲಾಗಿ ನಿಂತಿರುತ್ತಿತ್ತು.

ನಮ್ಮ ಸಿಪಾಯಿಗೆ ಇಷ್ಟೆಲ್ಲ ಹುಡುಕಬೇಕಾಗಿಲ್ಲ. ಆತನ ಹೆಂಡತಿಯ ಪಿಂಚಣಿ ಕಾಗದದಲ್ಲಿ ಸೈನ್ಯದ ನಂಬರು, ಹುದ್ದೆ, ರೆಜಿಮೆಂಟು ಇರುತ್ತದೆ. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಒಂದು ಅರ್ಜಿ ಕೊಡಿ, ಆತನ ರೆಜಿಮೆಂಟಿನ ದಾಖಲೆ ಕಚೇರಿಗೆ ಒಂದು ಕಾಗದ ಬರೆಯಿರಿ. ಮದ್ರಾಸ್ ಸ್ಯಾಪರ್ಸ್ ಆಗಿದ್ದರೆ ಬೆಂಗಳೂರು, ಮರಾಠಾ ಲಘು ಪದಾತಿದಳವಾದರೆ ಬೆಳಗಾವಿ, ಮದ್ರಾಸ್ ರೆಜಿಮೆಂಟ್ ಆದರೆ ನೀಲಗಿರಿಯ ವೆಲ್ಲಿಂಗ್ಟನ್. ಉತ್ತರ ತಡವಾಗಬಹುದು, ಕಾಯಿರಿ. ದೆಹಲಿಯ ರಾಷ್ಟ್ರೀಯ ಸಮರ ಸ್ಮಾರಕ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದಾಗ ಅಲ್ಲಿ 25,942 ಹೆಸರುಗಳನ್ನು ಗ್ರಾನೈಟಿನಲ್ಲಿ ಕೆತ್ತಿದ್ದರು. ಆತನ ಹೆಸರು ಅಲ್ಲಿ ಹೇಗಿದೆ ನೋಡಿಕೊಳ್ಳಿ. ಸಿಪಾಯಿಯಾಗಿದ್ದರೆ ಸಿಪಾಯಿ ಎಂದೇ ಕೆತ್ತಿ. ನಮ್ಮೂರಲ್ಲಿ ಖಾಕಿ ತೊಟ್ಟವರೆಲ್ಲ ಮೇಜರ್ ಆಗಿಬಿಡುತ್ತಾರೆ.

ಹೆಸರೇ ಮುಖ್ಯ ಎಂದು ನಾನೇಕೆ ಪಟ್ಟು ಹಿಡಿಯುತ್ತೇನೆ ಗೊತ್ತೆ? ಮೊದಲ ಮಹಾಯುದ್ಧದಲ್ಲಿ ಇರಾಕಿನ ಕಡೆ ಸತ್ತವರಿಗಾಗಿ ಬ್ರಿಟಿಷರು ಬಸ್ರಾದಲ್ಲಿ ಸ್ಮಾರಕ ಕಟ್ಟಿದರು. ಬಿಳಿಯ ಸೈನಿಕರ, ಅಧಿಕಾರಿಗಳ ಹೆಸರುಗಳನ್ನು ಕೆತ್ತಿದರು. ಸಾವಿರಾರು ಭಾರತೀಯ ಸಿಪಾಯಿಗಳಿಗೆ ಹೆಸರಿಲ್ಲ. ಇಂಥ ಪಡೆಯಲ್ಲಿ ಇಷ್ಟು ಜನ ಎಂದು ಸಂಖ್ಯೆ ಮಾತ್ರ. ನಿಮ್ಮ ಕಲ್ಲಿನಲ್ಲಿ ಆತನ ಹೆಸರು ಎಲ್ಲಕ್ಕಿಂತ ದೊಡ್ಡದಾಗಿರಲಿ. ದಾನಿಗಳ ಹೆಸರು, ಸಂಘದ ಅಧ್ಯಕ್ಷರ ಹೆಸರು, ಉದ್ಘಾಟಕರ ಹೆಸರು ಒಂದು ಪುಸ್ತಕದಲ್ಲಿ ಬರೆದಿಡಿ. ಕೆಲವು ಸ್ಮಾರಕಗಳಲ್ಲಿ ಸತ್ತವನ ಹೆಸರನ್ನು ಹುಡುಕಬೇಕು, ಶಾಸಕರ ಹೆಸರು ಮಾತ್ರ ರಸ್ತೆಯಿಂದಲೇ ಕಾಣುತ್ತದೆ.

ಸರ್ಕಲ್ಲಿನ ಆಸೆ ಬಿಡಿ. ರಸ್ತೆ, ಫುಟ್‌ಪಾತ್, ಸಾರ್ವಜನಿಕರ ಉಪಯೋಗದ ಜಾಗಗಳಲ್ಲಿ ಪ್ರತಿಮೆ ನಿಲ್ಲಿಸಲು ರಾಜ್ಯಗಳು ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದೇ ಆದೇಶ ಮಾಡಿದೆ. ರಾತ್ರೋರಾತ್ರಿ ನಿಲ್ಲಿಸಿದರೆ ಆಯಿತು, ಆಮೇಲೆ ಯಾರು ತೆಗೆಯುತ್ತಾರೆ ಎಂದು ನಿಮ್ಮಲ್ಲೊಬ್ಬ ಅಂದನಂತೆ. ತಹಶೀಲ್ದಾರರು ಪೊಲೀಸರೊಂದಿಗೆ ಬಂದು ಆತನ ಪ್ರತಿಮೆಗೆ ಗೋಣಿಚೀಲ ಸುತ್ತಿ ನಿಲ್ಲಿಸಿದರೆ ಆ ಹೆಂಗಸು ಅದನ್ನು ನೋಡಬೇಕೇನಪ್ಪಾ? ಆತ ಓದಿದ ಶಾಲೆಯ ಅಂಗಳವಿದೆ, ಪಂಚಾಯ್ತಿ ಕಟ್ಟಡದ ಪಕ್ಕದ ಜಾಗವಿದೆ. ಬರಹದಲ್ಲಿ ಅನುಮತಿ ಪಡೆಯಿರಿ, ಗ್ರಾಮ ಪಂಚಾಯ್ತಿಯಲ್ಲಿ ಠರಾವು ಮಾಡಿಸಿ. ಇನ್ನೊಂದು: ಚೆಂದ ಕಾಣುತ್ತದೆಂದು ನಾಲ್ಕು ಸಿಂಹದ ಲಾಂಛನ ಕೆತ್ತಿಸಬೇಡಿ. ರಾಷ್ಟ್ರ ಲಾಂಛನವನ್ನು ಯಾರೆಂದರೆ ಅವರು ಬಳಸುವಂತಿಲ್ಲ, ಅದಕ್ಕೆ 2005ರ ಕಾನೂನೇ ಇದೆ.

ಪ್ರತಿಮೆಯ ಬಗ್ಗೆಯೂ ನನ್ನ ತಕರಾರಿದೆ. ಆತನದ್ದು ಒಂದೇ ಒಂದು ಸ್ಟುಡಿಯೋ ಫೋಟೋ ಇರುವುದು, ಅದೂ ಅರ್ಧ ಮಾಸಿದೆ. ಸೈನಿಕನೆಂದರೆ ನಮ್ಮ ಶಿಲ್ಪಿಗಳು ಮೀಸೆಯಿಂದಲೇ ಶುರು ಮಾಡುತ್ತಾರೆ. ಆ ಹುಡುಗನಿಗೆ ಮೀಸೆ ಸರಿಯಾಗಿ ಬಂದೂ ಇರಲಿಲ್ಲ. ಸಿಮೆಂಟಿನಲ್ಲಿ ಮಾಡಿ ಬಂಗಾರದ ಬಣ್ಣ ಬಳಿದರೆ ನಾಲ್ಕು ಮಳೆಗಾಲಕ್ಕೆ ಮೂಗು ಉದುರುತ್ತದೆ. ಸಾದರಹಳ್ಳಿಯದೋ ಕಾರ್ಕಳದ್ದೋ ಒಂದು ಒಳ್ಳೆಯ ಕಲ್ಲು ತರಿಸಿ ಆಳವಾಗಿ ಅಕ್ಷರ ಕೊರೆಸಿ. ಬಣ್ಣ ಹೋದರೂ ಬೆರಳಾಡಿಸಿ ಓದುವಂತಿರಬೇಕು.

ನಮ್ಮ ಹಿರಿಯರು ಮಾಡಿದ್ದು ಅದನ್ನೇ. ವೀರಗಲ್ಲುಗಳನ್ನು ನೋಡಿ: ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಕೂತ ವೀರ. ಎಷ್ಟೋ ಕಲ್ಲುಗಳಲ್ಲಿ ವೀರನ ಮುಖ ಸವೆದಿದೆ, ಊರಿನ ಹೆಸರು ಉಳಿದಿದೆ. ಬೇಗೂರಿನ ವೀರಗಲ್ಲು ಇಲ್ಲದಿದ್ದರೆ ಒಂಬತ್ತನೆಯ ಶತಮಾನದಲ್ಲೇ ಬೆಂಗಳೂರು ಎಂಬ ಹೆಸರಿತ್ತೆಂದು ನಮಗೆ ತಿಳಿಯುತ್ತಿರಲಿಲ್ಲ. ಅದಕ್ಕಿಂತಲೂ ನೀವು ನೋಡಬೇಕಾದದ್ದು ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 949ರ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರ ತನ್ನ ಒಡೆಯ, ಗಂಗ ದೊರೆ ಬೂತುಗನಲ್ಲಿ ಬಹುಮಾನವಾಗಿ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಂದಿಗೆ ಕಾದಾಡಿ ಸತ್ತಿತು. ಕಲ್ಲು ನಿಂತದ್ದು ಆ ನಾಯಿಗೆ. ನನಗೆ ಅದರಲ್ಲಿ ತುಂಬ ಹಿಡಿಸಿದ್ದು ಕೊನೆಯ ಕರಾರು. ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟು, ಆ ಭೂಮಿ ನೋಡಿಕೊಳ್ಳುವ ಗೊರವ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆಂದು ಬರೆಸಿದ್ದಾರೆ. ಸಾವಿರ ವರ್ಷದ ಹಿಂದೆಯೇ ನಿರ್ವಹಣೆಗೆ ಹಣ, ಹೊಣೆಗೊಬ್ಬ ಮನುಷ್ಯ, ತಪ್ಪಿದರೆ ದಂಡ, ಮೂರೂ ಇದ್ದವು. ನಿಮ್ಮ ಅಂದಾಜು ಪಟ್ಟಿಯಲ್ಲಿ ಶಾಮಿಯಾನ, ಊಟ, ಫ್ಲೆಕ್ಸ್ ಎಲ್ಲ ಇದೆ; ಉದ್ಘಾಟನೆಯ ಮರುವರ್ಷ ಕಸ ಗುಡಿಸುವವರಿಗೆ ಏನು ಕೊಡುತ್ತೀರಿ ಎಂಬುದಿಲ್ಲ.

ಆಗಿನವರು ಕಾದಿ ಸತ್ತವನ ಮನೆಗೆ ನೆತ್ತರುಗೊಡಗೆ ಎಂದು ಭೂಮಿಯನ್ನೂ ಕೊಡುತ್ತಿದ್ದರು. ನೀವು ಭೂಮಿ ಕೊಡಲಾರಿರಿ, ಸರಿ. ಕೂಡಿದ ಹಣದಲ್ಲಿ ಅರ್ಧವನ್ನು ಕಲ್ಲಿಗೆ ಹಾಕಿ, ಉಳಿದರ್ಧವನ್ನು ಆತನ ಹೆಸರಿನಲ್ಲಿ ಶಾಲೆಗೆ ದತ್ತಿನಿಧಿಯಾಗಿ ಇಡಿ. ಬಡ್ಡಿಯಲ್ಲಿ ಪ್ರತಿವರ್ಷ ಒಂದು ಮಗುವಿಗೆ ಪುಸ್ತಕ ಕೊಡಿಸಿ, ಕಲ್ಲು ತೊಳೆಸಿ. ಆತ ನಮ್ಮವನು ಎಂದು ಜಾತಿಯ ಸಂಘವೊಂದು ಮುಂದೆ ಬಂದರೆ ಚಂದಾ ಪಡೆಯಿರಿ, ಬಾವುಟ ಬೇಡವೆನ್ನಿ. ಪಕ್ಷದವರಿಗೂ ಅದೇ ಮಾತು.

ವಿಜಯ ದಿವಸವೆಂದು ಬರುವ ಡಿಸೆಂಬರ್ 16ಕ್ಕೇ ಉದ್ಘಾಟನೆ ಎಂಬ ಹಟ ಬಿಡಿ. ಕಲ್ಲು ಮುಂದಿನ ವರ್ಷ ನಿಂತರೂ ನಷ್ಟವಿಲ್ಲ. ಆತನ ಹೆಂಡತಿಗೆ ಎಪ್ಪತ್ತು ದಾಟಿದೆ, ಅವರ ಬಳಿಗೆ ಮಾತ್ರ ಈ ಭಾನುವಾರವೇ ಹೋಗಿ ಬನ್ನಿ. ಇಬ್ಬರೋ ಮೂವರೋ ಹೋದರೆ ಸಾಕು. ಸಂಘದ ಬ್ಯಾನರು, ಫೋಟೋ ತೆಗೆಯುವವನು ಜೊತೆಗೆ ಬೇಡ. ಆತನ ತಮ್ಮಂದಿರಲ್ಲಿ ಒಬ್ಬರು ಬರುತ್ತೇನೆಂದರೆ ಕರೆದುಕೊಂಡು ಹೋಗಿ.