ಮೇಪಲ್ ಎಲೆ ಸುಡುತ್ತಿದೆ, ಗಿಡ ಉಳಿದೀತೇ?

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಈ ಏಪ್ರಿಲ್‌ನಲ್ಲಿ ನಮ್ಮ ಮನೆಯ ಗೃಹಪ್ರವೇಶವಾಯಿತು. ಸ್ನೇಹಿತರು ಕೊಟ್ಟ ಜಪಾನೀಸ್ ಮೇಪಲ್ ಗಿಡವನ್ನು ಗ್ಯಾರೇಜ್ ಪಕ್ಕ, ಪಶ್ಚಿಮದ ಬಿಸಿಲು ಬೀಳುವಲ್ಲಿ ನೆಟ್ಟೆವು. ಜುಲೈ ಬಂದದ್ದೇ ತಡ, ಎಲೆಯ ಅಂಚೆಲ್ಲ ಕಂದಾಗಿ ಮುರುಟುತ್ತಿದೆ. ದಿನಕ್ಕೆರಡು ಸಲ ನೀರು ಹಾಕಿದೆ, ಗೊಬ್ಬರವನ್ನೂ ಹಾಕಿದೆ. ಗೃಹಪ್ರವೇಶಕ್ಕೆ ನೆಟ್ಟ ಗಿಡ ಒಣಗಬಾರದು ಎಂದು ಊರಿನಿಂದ ಬಂದಿರುವ ಅತ್ತೆ ಕೊರಗುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಸಣ್ಣ ಕೊಂಬೆಯೊಂದರ ತೊಗಟೆಯನ್ನು ಉಗುರಿನಿಂದ ಚೂರೇ ಚೂರು ಕೆರೆದು ನೋಡಿ. ಒಳಗೆ ಹಸಿರು, ತೇವ ಕಂಡರೆ ಕೊಂಬೆಗೆ ಜೀವವಿದೆ. ನೀವು ಬರೆದ ಲಕ್ಷಣ ನೋಡಿದರೆ ಹಸಿರೇ ಕಾಣುತ್ತದೆ ಅನ್ನಿಸುತ್ತದೆ. ಅತ್ತೆಯವರನ್ನೂ ಕರೆದು ತೋರಿಸಿ, ಅವರ ಅರ್ಧ ಕೊರಗು ಅಲ್ಲೇ ಇಳಿಯುತ್ತದೆ.

ಇದು ಬಹುಮಟ್ಟಿಗೆ ರೋಗವಲ್ಲ, ಬಿಸಿಲಿನ ಹೊಡೆತ. ಜಪಾನ್, ಕೊರಿಯಾದ ಬೆಟ್ಟಗಾಡುಗಳಲ್ಲಿ ಎತ್ತರದ ಮರಗಳ ನೆರಳಿನಲ್ಲಿ ಬೆಳೆಯುವ ಮರ ಇದು. ಎಲೆ ತೆಳು, ಬೇರು ಹೆಚ್ಚು ಆಳಕ್ಕಿಳಿಯುವುದಿಲ್ಲ. ಬಿಸಿಗಾಳಿಗೆ ಎಲೆಯ ನೀರು ಆರುವ ವೇಗಕ್ಕೆ ಇನ್ನೂ ಊರಿಕೊಳ್ಳದ ಬೇರು ಸರಿಸಮ ಒದಗಿಸಲಾರದು. ಆ ಕೊರತೆ ಮೊದಲು ಕಾಣುವುದು ಎಲೆಯಂಚಿನಲ್ಲಿ. ಜೊತೆಗೆ ನಿಮ್ಮ ಗ್ಯಾರೇಜ್ ಮುಂದಿನ ನೆಲ ಸಂಜೆಯವರೆಗೂ ಕಾವು ಬಿಡುತ್ತಿರುತ್ತದೆ.

ದಿನಕ್ಕೆರಡು ಸಲದ ನೀರನ್ನು ಇವತ್ತೇ ನಿಲ್ಲಿಸಿ. ಬೆರಳನ್ನು ಎರಡಂಗುಲ ಮಣ್ಣಿಗಿಳಿಸಿ ನೋಡಿ. ತೇವವಿದ್ದರೆ ಸುಮ್ಮನಿರಿ. ಒಣಗಿದ್ದರೆ ಪೈಪನ್ನು ಸಣ್ಣಗೆ ಬಿಟ್ಟು ಬುಡದ ಸುತ್ತ ನಿಧಾನವಾಗಿ, ಆಳಕ್ಕೆ ಇಂಗಿಸಿ. ಸದಾ ನೆಂದ ಮಣ್ಣಿನಲ್ಲಿ ಬೇರು ಉಸಿರಾಡಲಾಗದೆ ಕೊಳೆಯುತ್ತದೆ. ಕೊಳೆತ ಬೇರು ನೀರೆಳೆಯದು, ಆಗಲೂ ಎಲೆ ಹೀಗೇ ಸುಡುತ್ತದೆ. ಬಾಯಾರಿಕೆಯೆಂದು ಭಾವಿಸಿ ಇನ್ನಷ್ಟು ನೀರು ಸುರಿದೇ ಎಷ್ಟೋ ಜನ ಗಿಡ ಕಳೆದುಕೊಳ್ಳುತ್ತಾರೆ. ಗೊಬ್ಬರ ಈ ವರ್ಷ ಬೇಡವೇ ಬೇಡ, ಅದರ ಲವಣವೂ ಎಲೆಯಂಚನ್ನು ಸುಡುತ್ತದೆ.

ಇನ್ನು ಬುಡ ನೋಡಿ. ಅಲ್ಲಿನ ಬಡಾವಣೆಗಳಲ್ಲಿ ಮಲ್ಚನ್ನು, ಅಂದರೆ ಬುಡದ ಮಣ್ಣಿಗೆ ಹಾಸುವ ಹೊದಿಕೆಯನ್ನು, ಹುತ್ತದ ಹಾಗೆ ಕಾಂಡಕ್ಕೇ ಏರಿಸಿಬಿಡುತ್ತಾರೆ, ನನಗೆ ಇದನ್ನು ಕಂಡರೆ ಸಂಕಟ. ಒಳಗೆ ತೊಗಟೆ ಕೊಳೆಯುತ್ತದೆ, ಬೇರು ಕಾಂಡಕ್ಕೇ ಸುತ್ತಿಕೊಳ್ಳುತ್ತದೆ. ಕೈಯಿಂದಲೇ ಅದನ್ನು ಹಿಂದಕ್ಕೆ ಸರಿಸಿ. ಕಾಂಡ ಅಗಲವಾಗಿ ಬೇರಾಗಿ ಕವಲೊಡೆಯುವ ಜಾಗ ಕಣ್ಣಿಗೆ ಕಾಣಬೇಕು. ಅದರಾಚೆ ಮಲ್ಚ್ ಎರಡು ಮೂರಂಗುಲ ದಪ್ಪವಿದ್ದರೆ ಸಾಕು.

ಸುಟ್ಟ ಎಲೆ ಕೀಳಬೇಡಿ, ಉಳಿದ ಹಸಿರು ಭಾಗ ಇನ್ನೂ ಗಿಡಕ್ಕೆ ಅನ್ನ ಮಾಡುತ್ತಿದೆ. ಒಂದೇ ಬದಿಯ ಕೊಂಬೆ ಇದ್ದಕ್ಕಿದ್ದಂತೆ ಬಾಡಿ, ಕತ್ತರಿಸಿದಾಗ ಕಟ್ಟಿಗೆಯಲ್ಲಿ ಕಪ್ಪು ಗೆರೆ ಕಂಡರೆ ಮಾತ್ರ ವರ್ಟಿಸಿಲಿಯಂ ಎಂಬ ಶಿಲೀಂಧ್ರದ ಅನುಮಾನ. ಅದಕ್ಕೆ ಔಷಧಿಯಿಲ್ಲ. ರಟ್‌ಗರ್ಸ್ ವಿಶ್ವವಿದ್ಯಾಲಯದ ಸಸ್ಯರೋಗ ಪ್ರಯೋಗಾಲಯಕ್ಕೆ ಆ ಕೊಂಬೆಯ ತುಂಡು ಕಳಿಸಿ ಖಚಿತಪಡಿಸಿಕೊಳ್ಳಿ.

ಜಾಗ ಬದಲಿಸಲೇಬೇಕು, ಆದರೆ ಈ ಬಿಸಿಲಲ್ಲಿ ಅಲ್ಲ. ಅಲ್ಲಿಯವರೆಗೆ ಮಧ್ಯಾಹ್ನದ ಹೊತ್ತು ಪಶ್ಚಿಮಕ್ಕೊಂದು ತೆಳು ಬಟ್ಟೆಯ ಮರೆ ಕಟ್ಟಿ. ಎಲೆಯೆಲ್ಲ ಉದುರಿದ ಮೇಲೆ ಬೇರಿನ ಮಣ್ಣು ಒಡೆಯದಂತೆ ಅಗೆದು, ಬೆಳಗಿನ ಬಿಸಿಲು ಮಾತ್ರ ಬೀಳುವ ಪೂರ್ವದ ಬದಿಗೆ, ಮೊದಲಿಗಿಂತ ಆಳವಾಗದ ಹಾಗೆ ನೆಡಿ. ನವೆಂಬರ್‌ನಲ್ಲಿ ಅದು ಪೂರ್ತಿ ಬೋಳಾಗುತ್ತದೆ, ಏಪ್ರಿಲ್ ಹೊತ್ತಿಗೆ ಮತ್ತೆ ಚಿಗುರುತ್ತದೆ. ಇದನ್ನು ಅತ್ತೆಯವರಿಗೆ ಈಗಲೇ ಹೇಳಿಡಿ, ಚಳಿಗಾಲದ ಫೋಟೋ ನೋಡಿ ಅವರು ಮತ್ತೆ ಗಾಬರಿಯಾಗದಿರಲಿ.