ಬೇಸಿಗೆಯಲ್ಲಿ ಎಮ್ಮೆ ಬೆದೆಗೆ ಬಾರದೇಕೆ?

ಏಪ್ರಿಲ್-ಮೇ ತಿಂಗಳು ಬಂದಿತೆಂದರೆ ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಹಳ್ಳಿಗಳಲ್ಲಿ ಒಂದೇ ದೂರು: ಎಮ್ಮೆ ಈದು ತಿಂಗಳುಗಳೇ ಕಳೆದವು, ಇನ್ನೂ ಬೆದೆಗೆ ಬಂದಿಲ್ಲ. ಕಾದು ಬೇಸತ್ತ ರೈತನು ಎಮ್ಮೆ ಗೊಡ್ಡು ಬಿದ್ದಿತೆಂದು ಬಗೆದು ಸಂತೆಗೆ ಹೊಡೆಯುತ್ತಾನೆ. ಆದರೆ ಹೀಗೆ ಮಾರಿದ ಎಮ್ಮೆಗಳೆಲ್ಲ ಗೊಡ್ಡಲ್ಲ. ಅನೇಕವುಗಳ ಗರ್ಭಕೋಶ, ಅಂಡಾಶಯಗಳಲ್ಲಿ ಯಾವ ರೋಗವೂ ಇರುವುದಿಲ್ಲ. ಬಿಸಿಲು, ಬಾಯಾರಿಕೆ ಮತ್ತು ಮೇವಿನ ಕೊರತೆಯ ಒತ್ತಡದಿಂದ ಅವುಗಳ ಬೆದೆ ತಡೆಹಿಡಿಯಲ್ಪಟ್ಟಿರುತ್ತದೆ.

ಧಾರವಾಡದ ಸಂಶೋಧನೆ

ಒತ್ತಡವು ಸಂತಾನ ಶಕ್ತಿಯನ್ನು ಹೇಗೆ ಕುಗ್ಗಿಸುತ್ತದೆಂಬುದನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡಾ. ಸಿ. ಬಿ. ಗಣೇಶ ಮತ್ತು ಅವರ ಸಂಗಡಿಗರು ತಿಲಾಪಿಯ ಮೀನಿನಲ್ಲಿ ಅಭ್ಯಸಿಸಿದ್ದಾರೆ. ಮೀನನ್ನು ಮೇಲಿಂದ ಮೇಲೆ ಕೈಯಲ್ಲಿ ಹಿಡಿಯುವುದು, ಬೆನ್ನಟ್ಟುವುದು, ಬಲೆ ಹಾಕುವುದು, ನೀರನ್ನು ಇಳಿಸುವುದು ಇಂಥ ತೊಂದರೆಗಳಿಗೆ ಹೆಣ್ಣು ಮೀನುಗಳನ್ನು ಗುರಿಪಡಿಸಿ ನೋಡಿದಾಗ, ಅಂಡಾಶಯದಲ್ಲಿ ತತ್ತಿಗಳ ಬೆಳವಣಿಗೆ ಕುಂಠಿತವಾಗಿ, ತತ್ತಿ ಇಡುವ ಸರದಿ ತಪ್ಪಿತು. ಈ ಫಲಿತಾಂಶ 2012ರಲ್ಲಿ ಪ್ರಕಟವಾಗಿದೆ.

ಮೀನಿಗೂ ಎಮ್ಮೆಗೂ ಏನು ಸಂಬಂಧವೆಂದು ಕೇಳಬಹುದು. ಬೆನ್ನೆಲುಬುಳ್ಳ ಪ್ರಾಣಿಗಳಲ್ಲೆಲ್ಲ ಸಂತಾನದ ವ್ಯವಸ್ಥೆ ಒಂದೇ ಕ್ರಮದಲ್ಲಿ ನಡೆಯುತ್ತದೆ. ಮಿದುಳಿನಿಂದ ಹೊರಟ ಚೋದನಿಕೆ (ಹಾರ್ಮೋನು) ಪಿಟ್ಯುಟರಿ ಗ್ರಂಥಿಗೆ ಅಪ್ಪಣೆ ಕೊಡುತ್ತದೆ. ಪಿಟ್ಯುಟರಿಯ ಚೋದನಿಕೆಗಳು ಅಂಡಾಶಯಕ್ಕೆ ಅಪ್ಪಣೆ ಕೊಡುತ್ತವೆ. ಆಗ ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೊಜೆನ್ನಿನಿಂದ ಎಮ್ಮೆ ಬೆದೆಗೆ ಬರುತ್ತದೆ. ಪ್ರಾಣಿ ಒತ್ತಡಕ್ಕೆ ಸಿಕ್ಕಾಗ ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸಾಲ್ ಹೆಚ್ಚಾಗಿ ಒಸರುತ್ತದೆ. ಇದರಿಂದಲೂ ಮಿದುಳಿನಲ್ಲಿಯೇ ಉಂಟಾಗುವ ಇತರ ರಸಗಳಿಂದಲೂ ಮೇಲಿನ ಅಪ್ಪಣೆ ದುರ್ಬಲವಾಗುತ್ತದೆ. ಮೊದಲು ಜೀವ ಉಳಿಯಲಿ, ಸಂತಾನ ಆಮೇಲೆ ಎಂಬುದು ಶರೀರದ ಲೆಕ್ಕ.

ಎಮ್ಮೆಗೆ ಬಿಸಿಲು ಹೆಚ್ಚು ಬಾಧಕ

ಎಮ್ಮೆಯ ಕಪ್ಪು ಚರ್ಮ ಬಿಸಿಲನ್ನು ಹೀರುತ್ತದೆ. ಬೆವರಿನ ಗ್ರಂಥಿಗಳು ಆಕಳಿಗಿಂತ ಕಡಿಮೆ. ಆದ್ದರಿಂದಲೇ ಅದು ನೀರು ಕಂಡಲ್ಲಿ ಮಲಗುತ್ತದೆ. 2021ರಲ್ಲಿ ರಾಷ್ಟ್ರೀಯ ಮಾನ್ಯತೆ ಪಡೆದ ನಮ್ಮ ಧಾರವಾಡಿ ಎಮ್ಮೆ ಈ ಹವೆಗೆ ಹೊಂದಿಕೊಂಡ ತಳಿ. ಆದರೂ ಅದಕ್ಕೂ ನೆರಳು, ನೀರು ಬೇಕೇ ಬೇಕು. ಬೇಸಿಗೆಯಲ್ಲಿ ಎಮ್ಮೆ ಬೆದೆಗೆ ಬಂದರೂ ಲಕ್ಷಣಗಳು ಮಂದವಾಗಿರುತ್ತವೆ. ಇದಕ್ಕೆ ಮೂಕ ಬೆದೆ ಎನ್ನುವರು. ಒಂದು ಬೆದೆ ತಪ್ಪಿದರೆ ಸುಮಾರು 21 ದಿನ ಕಾಯಬೇಕು. ಅಷ್ಟು ದಿನದ ಮೇವು-ಹಿಂಡಿಯ ಖರ್ಚು ರೈತನ ಮೇಲೆಯೇ ಬೀಳುತ್ತದೆ.

ರೈತರು ಮಾಡಬೇಕಾದುದು

1. ಮಧ್ಯಾಹ್ನ ಎಮ್ಮೆಗಳನ್ನು ಗಿಡದ ನೆರಳಿನಲ್ಲಿ ಅಥವಾ ಗಾಳಿಯಾಡುವ ಕೊಟ್ಟಿಗೆಯಲ್ಲಿ ಕಟ್ಟಿರಿ. ತಗಡಿನ ಮಾಡಿದ್ದರೆ ಮೇಲೆ ಹುಲ್ಲು ಅಥವಾ ಕಣಿಕೆ ಹೊದಿಸಿರಿ.

2. ಕೆರೆಯಲ್ಲಿ ನೀರಿದ್ದರೆ ಈಜಲು ಬಿಡಿರಿ. ಇಲ್ಲದಿದ್ದರೆ ದಿನಕ್ಕೆ ಎರಡು-ಮೂರು ಸಲ ಮೈಮೇಲೆ ನೀರು ಹಾಕಿರಿ. ಕುಡಿಯುವ ತಂಪು ನೀರು ಸದಾ ಎದುರಿಗಿರಲಿ.

3. ಮೇವನ್ನು ನಸುಕಿನಲ್ಲಿ ಮತ್ತು ರಾತ್ರಿ ಹೆಚ್ಚಾಗಿ ಹಾಕಿರಿ. ಒಣ ಕಣಿಕೆಯೊಂದೇ ಸಾಲದು. ಸ್ವಲ್ಪವಾದರೂ ಹಸಿರು ಮೇವು, ಹಿಂಡಿ ಮತ್ತು ಖನಿಜ ಮಿಶ್ರಣ ಕೊಡಿರಿ.

4. ಹೊಡೆಯುವುದು, ಓಡಿಸುವುದು ಬೇಡ. ಅಂಜಿಕೆಯೂ ಒತ್ತಡವೇ.

5. ನಸುಕಿನಲ್ಲಿ ಮತ್ತು ರಾತ್ರಿ ಮಲಗುವ ಮುಂಚೆ ಬೆದೆ ಪರೀಕ್ಷಿಸಿರಿ. ಯೋನಿಯಿಂದ ಲೋಳೆ, ಪದೇ ಪದೇ ಉಚ್ಚೆ ಹೊಯ್ಯುವುದು, ಹಾಲು ಇಳಿಯುವುದು ಇವು ಗುರುತುಗಳು. ಮುಂಜಾನೆ ಬೆದೆ ಕಂಡರೆ ಅಂದೇ ಸಂಜೆ, ಸಂಜೆ ಕಂಡರೆ ಮರುದಿನ ಮುಂಜಾನೆ ಕೃತಕ ಗರ್ಭಧಾರಣೆ ಮಾಡಿಸಿರಿ.

ಚೋದನಿಕೆಯ ಇಂಜೆಕ್ಷನ್ ಇಲ್ಲವೇ ಎಂದು ಕೆಲವರು ಕೇಳುತ್ತಾರೆ. ಇದೆ. ಆದರೆ ಬೆದೆಗೆ ಬಾರದ ಎಮ್ಮೆ ಗಬ್ಬವಾಗಿಯೂ ಇರಬಹುದು. ಅದನ್ನು ಪರೀಕ್ಷಿಸದೆ ಕೆಲವು ಚೋದನಿಕೆಗಳನ್ನು ಕೊಟ್ಟರೆ ಕಂದು ಹಾಕುತ್ತದೆ. ಆದ್ದರಿಂದ ಪಶುವೈದ್ಯರಿಂದ ಪರೀಕ್ಷೆ ಮಾಡಿಸಿಯೇ ಮುಂದುವರಿಯಿರಿ. ಬಿಸಿಲು ಮತ್ತು ಹಸಿವು ಹಾಗೆಯೇ ಇದ್ದರೆ ಔಷಧಿಯ ಪ್ರಯೋಜನವೂ ಕಡಿಮೆ.

ಸಂತೆಗೆ ಹೊಡೆಯುವ ಮುಂಚೆ ಎಮ್ಮೆಗೆ ನೆರಳು, ನೀರು, ಮೇವು ಒದಗಿಸಿ ಒಮ್ಮೆ ಪರೀಕ್ಷೆ ಮಾಡಿಸಿರಿ. ಗೊಡ್ಡೆಂದು ಬಗೆದ ಎಮ್ಮೆಯೇ ಮುಂದಿನ ವರ್ಷ ಕರು ಹಾಕಿ ಮನೆಗೆ ಹೈನು ತರಬಹುದು.